ಡಾಕ್ಟರಾದವರು ಮತ್ತೆ ಡಾಕ್ಟರಾಗುವ ಕಥೆ

ಬ್ಲ್ಯಾಕ್‌ಟೌನಿಗೆ ಹೊಸದಾಗಿ ಬಂದ ಕನ್ನಡಿಗರು ನಮ್ಮನ್ನು ಕೇಳುವ ಪ್ರಶ್ನೆಗಳು ಮೂರು. ಬಾಡಿಗೆ ಮನೆ ಎಲ್ಲಿ ಸಿಗುತ್ತದೆ? ಸೋನಾ ಮಸೂರಿ ಅಕ್ಕಿ ಯಾವ ಅಂಗಡಿಯಲ್ಲಿ? ಮತ್ತೆ, "ನಮ್ಮ ಕಡೆಯ ಡಾಕ್ಟರು ಯಾರಾದರೂ ಇದ್ದಾರಾ?" ಮೊದಲೆರಡಕ್ಕೆ ಉತ್ತರ ಸುಲಭ. ಮೂರನೆಯದಕ್ಕೆ ಉತ್ತರ ಕೊಡಲು ನಮಗೆ ಹದಿನೈದು ವರ್ಷ ಹಿಡಿಯಿತು. ಏಕೆಂದರೆ ಆ ಡಾಕ್ಟರು ನಮ್ಮ ಮನೆಯಲ್ಲೇ ತಯಾರಾಗುತ್ತಿದ್ದರು!

ನಾವು ಇಲ್ಲಿಗೆ ಬಂದದ್ದು 2009ರಲ್ಲಿ. ಬಂದ ಮೂರನೆಯ ದಿನವೇ ನಮ್ಮ ಸಾಫ್ಟ್‌ವೇರ್ ಕೆಲಸ ಶುರುವಾಯಿತು. ನಮ್ಮಾಕೆಯದು ಕರ್ನಾಟಕದ ಸರ್ಕಾರಿ ಕಾಲೇಜಿನ ಎಂ.ಬಿ.ಬಿ.ಎಸ್., ಜೊತೆಗೆ ಐದಾರು ವರ್ಷದ ಅನುಭವ. ಆದರೂ ಇಲ್ಲಿ ಒಂದು ಔಷಧಿ ಚೀಟಿ ಬರೆಯುವ ಹಕ್ಕೂ ಆಕೆಗಿರಲಿಲ್ಲ. ಈ ದಾರಿ ಹೇಗಿರುತ್ತದೆ ಎಂದು ನಮಗೆ ಆಗ ಯಾರೂ ಹೇಳಿರಲಿಲ್ಲ. ಅದನ್ನೇ ಇಲ್ಲಿ ಬಿಡಿಸಿ ಹೇಳುವ ಪ್ರಯತ್ನ ಮಾಡಿದ್ದೇವೆ.

ಮೊದಲನೆಯದು ಕಾಗದ ಪತ್ರ. ಪದವಿ ನಿಜವೆಂದು ಅದನ್ನು ಕೊಟ್ಟ ಸಂಸ್ಥೆಯಿಂದಲೇ ದೃಢೀಕರಣ ಬರಬೇಕು. ಜೊತೆಗೆ ಐಇಎಲ್‌ಟಿಎಸ್ ಅಥವಾ ಓಇಟಿಯಂಥ ಇಂಗ್ಲಿಷ್ ಪರೀಕ್ಷೆ. ಎರಡನೆಯದು ಆಸ್ಟ್ರೇಲಿಯನ್ ಮೆಡಿಕಲ್ ಕೌನ್ಸಿಲ್, ಅಂದರೆ ಎಎಂಸಿಯ ಎರಡು ಪರೀಕ್ಷೆಗಳು. ಒಂದು, ಕಂಪ್ಯೂಟರಿನ ಮುಂದೆ ಮೂರೂವರೆ ಗಂಟೆಯಲ್ಲಿ 150 ಪ್ರಶ್ನೆ. ಇನ್ನೊಂದು ಕ್ಲಿನಿಕಲ್. ಇದರಲ್ಲಿ ಒಂದಾದ ಮೇಲೊಂದರಂತೆ ರೋಗಿಯ ಪಾತ್ರಧಾರಿಗಳನ್ನು ನೋಡಬೇಕು. ರೋಗ ಹಿಡಿದರೆ ಸಾಲದು. ಕೆಟ್ಟ ಸುದ್ದಿಯನ್ನು ಹೇಗೆ ಹೇಳುತ್ತೀರಿ, ರೋಗಿಯ ಒಪ್ಪಿಗೆ ಕೇಳುತ್ತೀರಾ ಎಂಬುದಕ್ಕೂ ಅಂಕ. ನಮ್ಮೂರಲ್ಲಿ "ಇದನ್ನು ತಗೊಳ್ಳಿ, ಮೂರು ದಿನ ಬಿಟ್ಟು ಬನ್ನಿ" ಎಂದು ಹೇಳಿ ಅಭ್ಯಾಸವಾದವರು ಎಡವುವುದು ಇಲ್ಲೇ. ನಮ್ಮಾಕೆಯೂ ಒಮ್ಮೆ ಎಡವಿದರು. ಆಗ ಊರಿನಿಂದ ಮಾವನವರು ಫೋನಿನಲ್ಲಿ, "ಅಲ್ಲಪ್ಪಾ, ಮಗಳು ಡಾಕ್ಟರಾಗಿ ಇಷ್ಟು ವರ್ಷ ಆಯ್ತು, ಇನ್ನೂ ಪರೀಕ್ಷೆ ಬರೀತಾಳಾ?" ಎಂದಾಗ ಏನು ಹೇಳಬೇಕೋ ತೋಚಲಿಲ್ಲ. 2013ರಲ್ಲಿ ಮೆಲ್ಬೋರ್ನಿಗೆ ಹೋಗಿ ಬರೆದು ಪಾಸಾದರು.

ಅದಾದ ಮೇಲೆ ಹನ್ನೆರಡು ತಿಂಗಳು ಹಿರಿಯರ ಮೇಲ್ವಿಚಾರಣೆಯಲ್ಲಿ ಆಸ್ಪತ್ರೆ ಕೆಲಸ. ಆಮೇಲಷ್ಟೇ ಪೂರ್ಣ ನೋಂದಣಿ. ಫ್ಯಾಮಿಲಿ ಡಾಕ್ಟರು, ಅಂದರೆ ಇಲ್ಲಿನ ಜಿಪಿ ಆಗಲು ಅದೂ ಸಾಲದು. ಇಲ್ಲಿ ಜಿಪಿ ಎಂಬುದೇ ಒಂದು ಸ್ಪೆಷಾಲಿಟಿ. ಅದಕ್ಕೆ ಮತ್ತೆ ವರ್ಷಗಳ ತರಬೇತಿ, ಮತ್ತೆ ಪರೀಕ್ಷೆ, ಕೊನೆಗೆ ಫೆಲೋಶಿಪ್. ಬ್ರಿಟನ್, ಐರ್ಲೆಂಡ್, ನ್ಯೂಜಿಲೆಂಡಿನ ಜಿಪಿಗಳಿಗೆ 2024ರ ಅಕ್ಟೋಬರಿನಿಂದ ಒಂದು ಚುರುಕಿನ ದಾರಿ ತೆರೆದಿದ್ದಾರೆ. ನಮ್ಮ ಎಂ.ಬಿ.ಬಿ.ಎಸ್. ಪದವೀಧರರಿಗೆ ಈಗಲೂ ಮೇಲೆ ಹೇಳಿದ ದಾರಿಯೇ.

ಇಷ್ಟೆಲ್ಲ ಮುಗಿದರೂ ಬೇಕೆಂದಲ್ಲಿ ಬೋರ್ಡು ಹಾಕುವಂತಿಲ್ಲ. 1973ರ ಹೆಲ್ತ್ ಇನ್ಶೂರೆನ್ಸ್ ಕಾಯ್ದೆಯಲ್ಲಿ '19ಎಬಿ' ಎಂಬ ಕಲಮು ಇದೆ. ವಿದೇಶದಲ್ಲಿ ಓದಿದ ಡಾಕ್ಟರು ಮೊದಲ ನೋಂದಣಿಯಿಂದ ಸಾಮಾನ್ಯವಾಗಿ ಹತ್ತು ವರ್ಷ, ಡಾಕ್ಟರುಗಳ ಕೊರತೆಯಿದೆ ಎಂದು ಸರ್ಕಾರ ಗುರುತಿಸಿದ ಪ್ರದೇಶದಲ್ಲೇ ಕೆಲಸ ಮಾಡಬೇಕು. ಬೇರೆಡೆ ಕ್ಲಿನಿಕ್ ತೆರೆದರೆ ಅಪರಾಧವೇನಲ್ಲ. ಆದರೆ ಅಲ್ಲಿಗೆ ಬಂದ ರೋಗಿಗೆ ಮೆಡಿಕೇರ್ ಹಣ ಬರುವುದಿಲ್ಲ. ಪಕ್ಕದ ಕ್ಲಿನಿಕ್ಕಿನಲ್ಲಿ ಮೆಡಿಕೇರ್ ಸಿಗುವಾಗ ಕೈಯಿಂದ ಪೂರ್ತಿ ದುಡ್ಡು ಕೊಟ್ಟು ಯಾರು ಬರುತ್ತಾರೆ? ಬೀಗ ಹಾಕದೆಯೇ ಬಾಗಿಲು ಮುಚ್ಚಿದಂತೆ. ದೂರದ ಊರಿನಲ್ಲಿ ದುಡಿದವರಿಗೆ ಅವಧಿ ಕಡಿಮೆ ಮಾಡುವ ರಿಯಾಯಿತಿಯೂ ಇದೆ. 2012ರಲ್ಲಿ ಇಲ್ಲಿನ ಪಾರ್ಲಿಮೆಂಟಿನ ಸಮಿತಿಯೊಂದು ಈ ಡಾಕ್ಟರುಗಳ ಪಾಡನ್ನು ವಿಚಾರಿಸಿ ವರದಿ ಕೊಟ್ಟಿತು. ಅದರ ಹೆಸರೇ 'ಲಾಸ್ಟ್ ಇನ್ ದಿ ಲ್ಯಾಬಿರಿಂತ್'. ನಮ್ಮ ಮಾತಿನಲ್ಲಿ, ಚಕ್ರವ್ಯೂಹದಲ್ಲಿ ಕಳೆದುಹೋದವರು!

ನಮ್ಮ ಪಾಲಿಗೆ ಬಂದದ್ದು ಡಬ್ಬೊದ ಆಚೆಗಿನ ಒಂದು ಸಣ್ಣ ಊರು, ಸಿಡ್ನಿಯಿಂದ 400 ಕಿಲೋಮೀಟರಿಗೂ ಹೆಚ್ಚು. ನಮ್ಮ ಕೆಲಸ ಮತ್ತು ಮಗಳ ಶಾಲೆ ಬ್ಲ್ಯಾಕ್‌ಟೌನಿನಲ್ಲಿ, ಮನೆಯೊಡತಿ ಅಲ್ಲಿ. ಶುಕ್ರವಾರ ಸಂಜೆ ನಾವಿಬ್ಬರೂ ಬ್ಲೂ ಮೌಂಟನ್ಸ್ ದಾಟಿ, ಬ್ಯಾಥರ್ಸ್ಟ್, ಆರೆಂಜ್ ಹಾದು ಹೋಗುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಮಗಳಿಗೆ ನಿದ್ದೆ, ಡಿಕ್ಕಿಯಲ್ಲಿ ವಾರಕ್ಕಾಗುವಷ್ಟು ಹುಳಿಪುಡಿ, ಚಟ್ನಿಪುಡಿ. ಭಾನುವಾರ ವಾಪಸು. ಮಗಳು ಒಮ್ಮೆ ಶಾಲೆಯಲ್ಲಿ ತನ್ನ ಮನೆಯ ಚಿತ್ರ ಬರೆದಾಗ ಎರಡು ಮನೆ ಬರೆದು ನಡುವೆ ಕಾರು ಬರೆದಿದ್ದಳು.

ಆದರೆ ಆ ಊರಿನ ಜನರನ್ನು ದೂರುವಂತಿಲ್ಲ. ಅಲ್ಲಿ ಕುರಿ ಸಾಕುವವರು, ಮೂಲನಿವಾಸಿ ಅಜ್ಜಿಯರು, ಎಲ್ಲರಿಗೂ ಇದ್ದದ್ದು ಒಂದೇ ಕ್ಲಿನಿಕ್ಕು. ನಮ್ಮಾಕೆ ಒಂದು ರಾತ್ರಿ ಕೇಳಿದ ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ: "ನಮ್ಮ ಜನರ ತೆರಿಗೆ ದುಡ್ಡಿನಲ್ಲಿ ಓದಿದೆ. ನಮ್ಮ ತಾಲ್ಲೂಕಿನ ಆಸ್ಪತ್ರೆಗೆ ಒಂದು ವರ್ಷವೂ ದುಡಿಯಲಿಲ್ಲ. ಇಲ್ಲಿನ ಹಳ್ಳಿಗೆ ಹತ್ತು ವರ್ಷ ಕೊಡ್ತಿದ್ದೀನಲ್ಲ?" ಕರ್ನಾಟಕದಲ್ಲೂ ವೈದ್ಯ ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆಯ ಕಾನೂನು ಬಂತು. ಆದರೆ ಆಕೆ ಓದಿದ್ದು ಅದಕ್ಕೂ ಮೊದಲು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಇಂಥ ಸಂಚಿಕೆಗೆ ನಾವು ಕೊಡುವ ಚಿಕ್ಕ ಕಾಣಿಕೆ ಆ ಪ್ರಶ್ನೆಗೆ ಒಂದು ಕಂತು ಅಷ್ಟೇ. ಸಾಲ ತೀರಿತೆಂದು ಹೇಳಲಾರೆವು.

2024ರಲ್ಲಿ ಹತ್ತು ವರ್ಷ ತುಂಬಿ ಆಕೆ ಸಿಡ್ನಿಗೆ ಮರಳಿದರು. ಈಗ ರೋಗಿಗಳಾಗಿ ಬರುವ ನಮ್ಮವರಿಗೆ ಆಕೆಯ ಪರವಾಗಿ ಮೂರು ಕಿವಿಮಾತು. ಒಂದು, ಸಾಧಾರಣ ಭೇಟಿಗೆ ಮೆಡಿಕೇರ್ ಕೊಡುವ ದರ 6ರಿಂದ 20 ನಿಮಿಷದ ಒಳಗಿನದು. ಸಕ್ಕರೆ ಕಾಯಿಲೆ, ಮಂಡಿನೋವು, ನಿದ್ದೆ, ಮೂರನ್ನೂ ಹೇಳುವುದಿದ್ದರೆ ಮೊದಲೇ ಲಾಂಗ್ ಅಪಾಯಿಂಟ್‌ಮೆಂಟ್ ಕೇಳಿ. ಎರಡು, ಊರಿನಿಂದ ಬರುವ ಅಪ್ಪ ಅಮ್ಮಂದಿರಿಗೆ ಮೆಡಿಕೇರ್ ಇಲ್ಲ. ಭಾರತದೊಂದಿಗೆ ಅಂಥ ಒಪ್ಪಂದವಿಲ್ಲ. ವಿಮೆ ಮಾಡಿಸಿ, ಹಳೆಯ ವರದಿಗಳನ್ನೂ ಮಾತ್ರೆಗಳ ಹೆಸರನ್ನೂ ಜೊತೆಗೆ ತರಿಸಿ. ಮೂರು, ರಾತ್ರಿ ಹೊತ್ತಿನಲ್ಲಿ ಅನುಮಾನವಿದ್ದರೆ ಹೆಲ್ತ್‌ಡೈರೆಕ್ಟ್‌ನ 1800 022 222ಕ್ಕೆ ಫೋನು ಮಾಡಿದರೆ ನರ್ಸ್ ಮಾತನಾಡುತ್ತಾರೆ. ಎದೆನೋವಿನಂಥದ್ದಾದರೆ ಯಾರನ್ನೂ ಕೇಳಬೇಡಿ, ನೇರ 000.

ಇನ್ನು ಡಾಕ್ಟರ ಸಂಗಾತಿಯಾಗಿ ಬಂದವರಿಗೆ, ಸ್ವತಃ ಡಾಕ್ಟರಾಗಿ ಬಂದವರಿಗೆ ಒಂದು ಮಾತು. ಅಡುಗೆಮನೆಯಲ್ಲಿ ಪುಸ್ತಕ ಹಿಡಿದು ಕಣ್ಣೀರು ಹಾಕುವ ದಿನ ಬರುತ್ತದೆ. ಆ ದಿನ ಯಾರಿಗಾದರೂ ಫೋನು ಮಾಡಿ. ಕ್ಲಿನಿಕಲ್ ಪರೀಕ್ಷೆಗೆ ರೋಗಿಯ ಪಾತ್ರ ಮಾಡಲು ಜನ ಬೇಕಾದರೆ ನಮ್ಮನ್ನು ಕರೆಯಿರಿ. ಹೊಟ್ಟೆನೋವಿನ ಪಾತ್ರದಲ್ಲಿ ನಮಗೆ ಸಾಕಷ್ಟು ಅನುಭವವಿದೆ!