ನೆಲಕ್ಕೆ ಕಟ್ಟಿದ ಮಾತು

ಅರಣ್ಯರಕ್ಷಣೆಯು ಸರ್ಕಾರದ ಹೊಣೆಯೆಂದೂ, ಖಾಸಗಿ ಜಮೀನಿನ ಮರಗಳು ಒಡೆಯನ ಮರ್ಜಿಯಂತೆ ಉಳಿಯುವವು ಇಲ್ಲವೆ ಉರುಳುವವು ಎಂದೂ ಭಾವಿಸುವುದು ಲೋಕರೂಢಿ. ನ್ಯೂಜಿಲೆಂಡಿನಲ್ಲಿ ಈ ರೂಢಿಯನ್ನು ತಿದ್ದಲು ಮುಂದಾದವರು ರೈತರೇ ಎಂಬುದು ಸ್ಮರಣೀಯ. ಅಲ್ಲಿನ ತಗ್ಗುನಾಡಿನ ಕಾಡು ಬಹುಪಾಲು ಹುಲ್ಲುಗಾವಲಾಗಿ, ಉಳಿದ ತುಣುಕುಗಳು ಹೊಲಗಳ ನಡುವೆ ಸಿಕ್ಕಿಕೊಂಡಿದ್ದ ಕಾಲದಲ್ಲಿ, ಒಡೆತನವನ್ನು ಬಿಟ್ಟುಕೊಡದೆಯೇ ಕಾಡನ್ನು ಶಾಶ್ವತವಾಗಿ ಕಾಪಾಡುವ ಮಾರ್ಗವೊಂದು ಬೇಕೆಂದು ವೈಕಾಟೊ ಪ್ರಾಂತದ ಗಾರ್ಡನ್ ಸ್ಟೀಫನ್ಸನ್ ಎಂಬ ರೈತರು ವಾದಿಸಿದರು. ಅಂಥವರ ಪ್ರಯತ್ನದ ಫಲವಾಗಿ 1977ರ ಶಾಸನದಂತೆ ಎರಡನೆಯ ಎಲಿಜಬೆತ್ ರಾಣಿಯ ಹೆಸರಿನ ರಾಷ್ಟ್ರೀಯ ಟ್ರಸ್ಟ್ ಸ್ಥಾಪಿತವಾಯಿತು. 1979ರಲ್ಲಿ ಅದರ ಮೊದಲ ಒಡಂಬಡಿಕೆಯನ್ನು ಬರೆದುಕೊಟ್ಟವರೂ ಸ್ಟೀಫನ್ಸನ್ ದಂಪತಿಗಳೇ.

ಒಡಂಬಡಿಕೆಯಾದ ಮೇಲೂ ಜಮೀನು ರೈತನದೇ. ಅವನು ಅದನ್ನು ಮಾರಬಹುದು, ಮಕ್ಕಳಿಗೆ ಹಂಚಬಹುದು. ಆದರೆ ಗೊತ್ತುಮಾಡಿದ ಕಾಡನ್ನು ಕಡಿಯಕೂಡದೆಂಬ, ಅದರೊಳಗೆ ದನ ಮೇಯಿಸಕೂಡದೆಂಬ ನಿರ್ಬಂಧಗಳು ಆಸ್ತಿಯ ಹಕ್ಕುಪತ್ರದಲ್ಲಿಯೇ ದಾಖಲಾಗಿ, ಮುಂದೆ ಆ ನೆಲಕ್ಕೆ ಒಡೆಯರಾಗುವವರೆಲ್ಲರನ್ನೂ ಬಂಧಿಸುತ್ತವೆ. ಇದಕ್ಕೆ ಪ್ರತಿಯಾಗಿ ರೈತನಿಗೆ ಹಣ ಸಲ್ಲುವುದಿಲ್ಲ. ಬೇಲಿಯ ಖರ್ಚಿನಲ್ಲಿ ಒಂದು ಪಾಲನ್ನು ಮಾತ್ರ ಟ್ರಸ್ಟ್ ವಹಿಸಿಕೊಳ್ಳುತ್ತದೆ.

ಬೇಲಿಯ ಮಾತನ್ನು ಅಲ್ಪವೆಂದು ಎಣಿಸಲಾಗದು. ದನ ನುಗ್ಗುವ ಕಾಡಿನಲ್ಲಿ ಹಳೆಯ ಮರಗಳು ಮೇಲೆ ಹಸುರಾಗಿ ನಿಂತಿದ್ದರೂ, ಕೆಳಗೆ ಮೊಳೆತ ಸಸಿಯೆಲ್ಲ ಹಸುವಿನ ಬಾಯಿಗೆ ಬಿದ್ದು, ಗೊರಸಿನ ತುಳಿತಕ್ಕೆ ಬೇರಿನ ಮಣ್ಣು ಗಟ್ಟಿಯಾಗಿ, ಮಕ್ಕಳಿಲ್ಲದ ಊರಿನಂತೆ ಆ ಕಾಡು ನಿಂತಲ್ಲೇ ಕ್ಷಯಿಸುತ್ತಿರುತ್ತದೆ. ತಂತಿ ಬಿಗಿದು ಕೆಲವು ವರ್ಷ ಕಳೆಯಿತೆಂದರೆ, ಟಾವಾ ಮರದ ದಪ್ಪ ಹಣ್ಣನ್ನು ಇಡಿಯಾಗಿ ನುಂಗಬಲ್ಲ ಕೆರೆರೂ ಎಂಬ ಕಾಡುಪಾರಿವಾಳವು ಉದುರಿಸಿದ ಬೀಜಗಳಿಂದ ಹೊಸ ಸಸಿಗಳು ತಲೆಯೆತ್ತತೊಡಗುತ್ತವೆ. ತುಪ್ಪಳದ ಆಸೆಗಾಗಿ ಹಿಂದೆ ಆಸ್ಟ್ರೇಲಿಯದಿಂದ ತಂದುಬಿಟ್ಟ ಪೋಸಮ್ ಪ್ರಾಣಿಗಳು ಮಾತ್ರ ಯಾವ ತಂತಿಗೂ ಅಂಜದೆ ಇರುಳೆಲ್ಲ ಚಿಗುರನ್ನು ಮೇಯುವುದರಿಂದ, ಅವಕ್ಕೆ ಬೋನನ್ನೊಡ್ಡುವ ದುಡಿಮೆಯೂ ರೈತಕುಟುಂಬದ ಪಾಲಿಗೆ ಬರುತ್ತದೆ.

ಇನ್ನೂ ಹುಟ್ಟದವರ ಕೈಯನ್ನು ಇಂದಿನವರು ಕಟ್ಟಿಹಾಕುವುದು ನ್ಯಾಯವೆ ಎಂದು ಆಕ್ಷೇಪಿಸುವವರುಂಟು. ಕಾಡನ್ನು ಕಡಿದವನೂ ಮುಂದಿನವರ ಕೈಯನ್ನು ಕಟ್ಟಿಯೇ ಹೋಗುತ್ತಾನೆ, ಅದೂ ಎಂದೆಂದಿಗೂ ಬಿಚ್ಚಲಾರದಂತೆ, ಎಂಬುದು ನನ್ನ ಸಮಾಧಾನ. ಈ ವಿವಾದ ನ್ಯಾಯಾಲಯವನ್ನೂ ಮುಟ್ಟಿತು: ಕಾರಮಂಡಲ್ ಪರ್ಯಾಯದ್ವೀಪದಲ್ಲಿ ಜಮೀನು ಕೊಂಡ ಕಂಪನಿಯೊಂದು, ಹಿಂದಿನ ಒಡೆತನದ ಕಾಲದ ಒಡಂಬಡಿಕೆಯನ್ನು ಪ್ರಶ್ನಿಸಲು, 2018ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಒಡಂಬಡಿಕೆಯನ್ನೇ ಎತ್ತಿಹಿಡಿಯಿತು. 2015ರಲ್ಲಿ ತೀರಿಕೊಂಡ ಸ್ಟೀಫನ್ಸನ್‌ರು ಈ ತೀರ್ಪನ್ನು ಕಾಣಲಿಲ್ಲ. ಅವರು ಆರಂಭಿಸಿದ ಒಡಂಬಡಿಕೆಗಳಾದರೋ ಇಂದು 5,000ವನ್ನು ಮೀರಿ, ಸುಮಾರು 1,80,000 ಹೆಕ್ಟೇರ್ ನೆಲವನ್ನು ಕಾಯುತ್ತಿವೆ.