ಕಟ್ಟಡಗಳನ್ನು ಶುಚಿಯಾಗಿಡುವ ಕಸುಬು

ಠಾಣೆ–ಬೇಲಾಪುರ ರಸ್ತೆಯಲ್ಲಿ ಸಂಚರಿಸುವ ವಿದ್ಯಾರ್ಥಿಗಳು ಐರೋಲಿ, ಮಹಾಪೆಗಳ ಗಾಜಿನ ಕಟ್ಟಡಗಳನ್ನು ನೋಡಿಯೇ ಇರುತ್ತಾರೆ. ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮವು 1962ರಲ್ಲಿ ಸ್ಥಾಪಿತವಾದ ಬಳಿಕ ಈ ರಸ್ತೆಯ ಇಕ್ಕೆಲಗಳಲ್ಲಿ ಕಾರ್ಖಾನೆಗಳು ಬೆಳೆದವು. ಅವುಗಳಲ್ಲಿ ಹಲವು ಮುಚ್ಚಿಹೋಗಿ, ಆ ಸ್ಥಳಗಳಲ್ಲಿ ಈಗ ಗಣಕಯಂತ್ರದ ಕಚೇರಿಗಳು ತಲೆಯೆತ್ತಿವೆ. ಇಂತಹ ಒಂದು ಸಮುಚ್ಚಯದಲ್ಲಿ ದಿನಕ್ಕೆ ಸಾವಿರಾರು ಜನ ಓಡಾಡುತ್ತಾರೆ, ಕೈ ತೊಳೆಯುತ್ತಾರೆ, ಚಹ ಕುಡಿದು ಲೋಟವನ್ನು ಎಸೆಯುತ್ತಾರೆ. ಆದರೂ ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಬಂದವರಿಗೆ, ನಿನ್ನೆ ಇಲ್ಲಿ ಯಾರೂ ಇರಲೇ ಇಲ್ಲವೆಂಬಂತೆ ತೋರುತ್ತದೆ. ಇದು ತಾನಾಗಿಯೇ ಆಗುವುದಲ್ಲ. ಯಾರೋ ನಸುಕಿನ ಲೋಕಲ್ ಗಾಡಿಗೆ ಬಂದು, ಉಳಿದವರು ಬರುವುದರೊಳಗೆ ಮಾಡಿ ಮುಗಿಸಿದ ಕೆಲಸವದು.

ನಮ್ಮ ಮಕ್ಕಳಿಗೆ ಈ ವಿಷಯ ದೂರದ್ದಲ್ಲ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದು ಇಲ್ಲಿ ನೆಲಸಿದ ಎಷ್ಟೋ ಕುಟುಂಬಗಳಲ್ಲಿ ತಾಯಿಯೋ ತಂದೆಯೋ ಇದೇ ಕಸುಬಿನಲ್ಲಿದ್ದಾರೆ. ಪ್ರವೇಶಪತ್ರದಲ್ಲಿ ಪಾಲಕರ ಉದ್ಯೋಗವೆಂಬಲ್ಲಿ "ಕಂಪನಿಯಲ್ಲಿ ಕೆಲಸ" ಎಂದು ಬರೆಸುವುದನ್ನು ನಾವು ವರ್ಷ ವರ್ಷವೂ ಕಾಣುತ್ತೇವೆ. ಯಾವ ಕೆಲಸವೆಂದು ಕೇಳಿದರೆ ಹುಡುಗನು ನೆಲ ನೋಡುತ್ತಾನೆ. ಊರಿನ ಬೀದಿಗಳನ್ನು ಗುಡಿಸುವವರಿಗೆ ಕರ್ನಾಟಕದಲ್ಲಿ ಪೌರಕಾರ್ಮಿಕರೆಂಬ ಗೌರವದ ಹೆಸರಾದರೂ ಇದೆ. ಕಟ್ಟಡದೊಳಗೆ ದುಡಿಯುವವರಿಗೆ ಅದೂ ಇಲ್ಲ, "ಹೌಸ್‌ಕೀಪಿಂಗ್‌ನವರು" ಎಂದರೆ ಮುಗಿಯಿತು. ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನು ಶಿವಭಕ್ತರ ಮನೆಗಳ ಅಂಗಳವನ್ನು ಗುಡಿಸುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದಳೆಂದು ಪರಂಪರೆ ಹೇಳುತ್ತದೆ. ಕಾಯಕವೆಂಬ ಮಾತನ್ನು ಭಾಷಣಗಳಲ್ಲಿ ಧಾರಾಳವಾಗಿ ಬಳಸುವ ನಾವು ಕಸಬರಿಗೆಯನ್ನು ಮಾತ್ರ ಬಾಗಿಲ ಹಿಂದೆ ಅಡಗಿಸಿಡುತ್ತೇವೆ.

ಗುಡಿಸುವುದರಲ್ಲಿ ಕಲಿಯತಕ್ಕದ್ದೇನಿದೆ ಎಂದು ಕೇಳುವವರಿದ್ದಾರೆ. ಕಲಿಯತಕ್ಕದ್ದು ಬಹಳವಿದೆ. ಧೂಳು ಕೆಳಕ್ಕೆ ಬೀಳುವ ವಸ್ತು. ಆದುದರಿಂದ ಕೆಲಸ ಮೇಲಿನಿಂದ ಆರಂಭವಾಗಬೇಕು. ಒಣ ಕಸವನ್ನು ತೆಗೆಯದೆ ನೀರು ಹಾಕಿದರೆ ಧೂಳು ಕೆಸರಾಗುತ್ತದೆ. ಆದುದರಿಂದ ಮೊದಲು ಗುಡಿಸುವುದು, ಆಮೇಲೆ ಒರೆಸುವುದು. ಒರೆಸುವುದಾದರೂ ಒಳಗಿನ ಮೂಲೆಯಿಂದ ಬಾಗಿಲಿನ ಕಡೆಗೆ ಹಿಮ್ಮೆಟ್ಟುತ್ತಾ ನಡೆಯಬೇಕು, ಇಲ್ಲವಾದರೆ ಒರೆಸಿದವರ ಹೆಜ್ಜೆಗಳೇ ಮೊದಲು ಮೂಡುವುವು. ಉದ್ದ ಕೋಲಿನ ಮಾಪನ್ನು ಹಿಂದಕ್ಕೂ ಮುಂದಕ್ಕೂ ಎಳೆಯದೆ 8ರ ಆಕಾರದಲ್ಲಿ ತಿರುಗಿಸುತ್ತಾರೆ, ಏಕೆಂದರೆ ಆಗ ಕೊಳೆ ಮಾಪಿನ ಮುಂಭಾಗದಲ್ಲೇ ಕೂಡಿಕೊಂಡು ಬರುತ್ತದೆ. ಬಕೆಟ್ಟುಗಳು ಎರಡು, ಒಂದರಲ್ಲಿ ಶುದ್ಧ ನೀರು, ಇನ್ನೊಂದರಲ್ಲಿ ಹಿಂಡಿದ ನೀರು. ಒಂದೇ ಬಕೆಟ್ಟಿನಲ್ಲಿ ಅದ್ದಿ ಅದ್ದಿ ಒರೆಸಿದರೆ ಒಂದು ಕೋಣೆಯ ಕೊಳೆಯನ್ನು ಹತ್ತು ಕೋಣೆಗಳಿಗೆ ಸಮನಾಗಿ ಹಂಚಿದಂತಾಗುವುದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದೇ. ಬಟ್ಟೆಗಳಿಗೂ ಬಣ್ಣದ ಕಟ್ಟಳೆಯಿದೆ: ಶೌಚಾಲಯಕ್ಕೆ ಕೆಂಪು, ಅಡುಗೆಯ ಜಾಗಕ್ಕೆ ಹಸುರು, ಮೇಜು ಕುರ್ಚಿಗಳಿಗೆ ನೀಲಿ, ಹೀಗೆ. ಓದು ಬಾರದವರೂ ತಪ್ಪದಂತೆ ಮಾಡಿದ ಏರ್ಪಾಡು ಇದು.

ಹರ್ಬರ್ಟ್ ಸಿನ್ನರ್ ಎಂಬ ಜರ್ಮನ್ ರಸಾಯನಜ್ಞನು 1959ರಲ್ಲಿ ಈ ಕಸುಬಿನ ತತ್ತ್ವವನ್ನು ಒಂದು ವೃತ್ತದಲ್ಲಿ ಬರೆದು ತೋರಿಸಿದನು. ಕೊಳೆ ಹೋಗಬೇಕಾದರೆ ನಾಲ್ಕು ಬೇಕು: ದ್ರಾವಣ, ಉಜ್ಜುವಿಕೆ, ಶಾಖ, ಸಮಯ. ಒಂದು ಕಡಿಮೆಯಾದರೆ ಉಳಿದವುಗಳಲ್ಲಿ ಯಾವುದಾದರೊಂದು ಹೆಚ್ಚಬೇಕು. ಹಳ್ಳಿಯ ಅಜ್ಜಿಗೆ ಸಿನ್ನರನ ಹೆಸರು ಗೊತ್ತಿರಲಿಲ್ಲ. ಆದರೆ ಹಿತ್ತಾಳೆಯ ಕೊಡಕ್ಕೆ ಹುಣಸೆಹಣ್ಣು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ತಿಕ್ಕುತ್ತಿದ್ದಳು. ಕ್ರಿಮಿನಾಶಕ ದ್ರಾವಣವೂ ಹಾಗೆಯೇ, ಹಚ್ಚಿದ ಕೂಡಲೇ ಒರೆಸಿಬಿಟ್ಟರೆ ಕ್ರಿಮಿಗಳು ಸಾಯುವುದಿಲ್ಲ, ಕೆಲವು ನಿಮಿಷ ಒದ್ದೆಯಾಗಿಯೇ ಇರಬೇಕು. ಇಬ್ಬರ ಕೆಲಸವನ್ನು ಒಬ್ಬಳಿಗೆ ಒಪ್ಪಿಸಿದಾಗ ಕಡಿಮೆಯಾಗುವುದು ಸಮಯ. ಅದಕ್ಕೆ ಪ್ರತಿಯಾಗಿ ಹೆಚ್ಚುವುದು ತೋಳಿನ ಶ್ರಮ. ಸಂಜೆ ಮನೆಗೆ ಬಂದ ತಾಯಿಯು ಭುಜ ಹಿಡಿದುಕೊಂಡು ಕುಳಿತರೆ, ಅದು ಸಿನ್ನರನ ಲೆಕ್ಕವೇ.

ದ್ರಾವಣಗಳ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕಾಗಿದೆ. ಇಲ್ಲಿನ ಕಚೇರಿಗಳಲ್ಲಿ ಅವುಗಳನ್ನು ಆರ್-ಒನ್, ಆರ್-ಟೂ ಎಂದು ಅಂಕೆಗಳಿಂದ ಕರೆಯುವ ರೂಢಿಯಿದೆ. ಗಾಜಿಗೆ ಆರ್-ತ್ರೀ, ಕಮೋಡಿಗೆ ಆರ್-ಸಿಕ್ಸ್. ಕಮೋಡಿಗೆ ಹಾಕುವುದು ಆಮ್ಲ. ಅದು ಅಮೃತಶಿಲೆಯ ನೆಲದ ಮೇಲೆ ಬಿದ್ದರೆ ನೊರೆಯೆದ್ದು, ಹೊಳಪು ಹೋಗಿ ಕಲೆ ನಿಲ್ಲುತ್ತದೆ, ಏಕೆಂದರೆ ಅಮೃತಶಿಲೆಯು ಕ್ಯಾಲ್ಸಿಯಂ ಕಾರ್ಬೊನೇಟು. ಕಪ್ಪೆಚಿಪ್ಪಿನ ಪುಡಿಯ ಮೇಲೆ ನಿಂಬೆರಸ ಹಿಂಡಿ ನೀವೇ ಪರೀಕ್ಷಿಸಬಹುದು. ನೆಲದ ಕಲೆಯಾದರೂ ಸಹಿಸಬಹುದಾದದ್ದು. ಅದೇ ಆಮ್ಲವನ್ನು ಬಿಳುಪಿನ ದ್ರಾವಣದೊಡನೆ ಬೆರೆಸಿದರೆ ಹೊರಡುವುದು ಕ್ಲೋರಿನ್ ಅನಿಲ. 1915ರಲ್ಲಿ ಬೆಲ್ಜಿಯಂ ದೇಶದ ಈಪ್ರ್ ನಗರದ ಬಳಿ ಸೈನಿಕರ ಮೇಲೆ ಬಿಟ್ಟ ವಿಷವಾಯು ಇದೇ. ಕಿಟಕಿಯಿಲ್ಲದ ಸಣ್ಣ ಶೌಚಾಲಯದಲ್ಲಿ, ಎರಡು ಸೇರಿದರೆ ಇನ್ನೂ ಚೆನ್ನಾಗಿ ತೊಳೆದೀತೆಂಬ ಎಣಿಕೆಯಿಂದ ಹೀಗೆ ಬೆರೆಸುವವರುಂಟು. ಡಬ್ಬಿಯ ಮೇಲೆ ಎಚ್ಚರಿಕೆ ಅಚ್ಚಾಗಿರುತ್ತದೆ, ಆದರೆ ಇಂಗ್ಲಿಷಿನಲ್ಲಿ. ಅದರಿಂದ ತೆಗೆದು ಕುಡಿಯುವ ನೀರಿನ ಖಾಲಿ ಬಾಟಲಿಗೆ ಸುರಿದ ಮೇಲೆ ಆ ಇಂಗ್ಲಿಷೂ ಉಳಿಯುವುದಿಲ್ಲ.

ಇದಕ್ಕಿಂತಲೂ ದೊಡ್ಡ ಅಪಾಯ ಕಟ್ಟಡದ ಕೆಳಗಿರುವ ಮಲಿನ ನೀರಿನ ತೊಟ್ಟಿ. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡು ಗಾಳಿಗಿಂತ ಭಾರವಾದುದು, ತಳದಲ್ಲಿ ನಿಲ್ಲುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುವುದರಿಂದ ವಾಸನೆಯೇ ತಿಳಿಯದು. ವಾಸನೆಯಿಲ್ಲ, ಇಳಿಯಬಹುದು ಎಂದವನು ಏಳುವುದಿಲ್ಲ. ಅವನನ್ನು ಎತ್ತಲು ಇಳಿದವನೂ ಏಳುವುದಿಲ್ಲ. 2019ರ ಮೇ ತಿಂಗಳಲ್ಲಿ ನಮ್ಮ ಠಾಣೆಯಲ್ಲಿಯೇ ವಸತಿ ಸಮುಚ್ಚಯವೊಂದರ ತೊಟ್ಟಿಯಲ್ಲಿ ಮೂವರು ಕಾರ್ಮಿಕರು ಹೀಗೆ ಸತ್ತರು. ರಕ್ಷಣಾಸಾಧನಗಳಿಲ್ಲದೆ ಯಾರನ್ನೂ ತೊಟ್ಟಿಗೆ ಇಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ. ಇಂತಹ ಮರಣಗಳಿಗೆ ಪರಿಹಾರವು ಮೂವತ್ತು ಲಕ್ಷ ರೂಪಾಯಿಗಳಿರಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ತೀರ್ಪಿತ್ತಿತು. ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಅವರು ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಅದೇ ಕೆಲಸ ಮಾಡುತ್ತಿದ್ದ ಮನೆತನದಲ್ಲಿ ಹುಟ್ಟಿದವರು. ಕಚೇರಿ ಗುಡಿಸಲು ನೇಮಕವಾದವನಿಗೆ "ಸ್ವಲ್ಪ ಕೆಳಗಿಳಿದು ನೋಡು" ಎಂದು ಯಾರೇ ಹೇಳಲಿ, ಒಲ್ಲೆನೆನ್ನುವ ಹಕ್ಕು ಅವನಿಗಿದೆ. ಇದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿರಿ.

ಇಷ್ಟು ತಿಳಿವಳಿಕೆ ಬೇಡುವ ಕೆಲಸವನ್ನು ಕಟ್ಟಡದ ಯಜಮಾನರು ತಮ್ಮದೆಂದು ಒಪ್ಪಿಕೊಳ್ಳುವುದಿಲ್ಲವೇಕೆ? ಇದಕ್ಕೊಂದು ಚರಿತ್ರೆಯಿದೆ. ಗುತ್ತಿಗೆ ಕಾರ್ಮಿಕರ ಕಾಯಿದೆಯು 1970ರಲ್ಲಿ ಬಂದಿತು. ಅದರ ಮೇರೆಗೆ ಕೇಂದ್ರ ಸರಕಾರವು 1976ರ ಡಿಸೆಂಬರ್ 9ರಂದು ಒಂದು ಆಜ್ಞೆ ಹೊರಡಿಸಿ, ತನ್ನ ಅಧಿಕಾರದೊಳಗಿನ ಸಂಸ್ಥೆಗಳ ಕಟ್ಟಡಗಳನ್ನು ಗುಡಿಸುವ, ತೊಳೆಯುವ, ಧೂಳು ಹೊಡೆಯುವ, ಕಾಯುವ ಕೆಲಸಗಳಿಗೆ ಗುತ್ತಿಗೆಯನ್ನು ನಿಷೇಧಿಸಿತು. ಮುಂಬಯಿಯಲ್ಲಿ ಏರ್ ಇಂಡಿಯಾದ ಕಟ್ಟಡಗಳನ್ನು ಶುಚಿಗೊಳಿಸುತ್ತಿದ್ದ ಕಾರ್ಮಿಕರ ಸಂಘವು ಇದೇ ಆಜ್ಞೆಯ ಬಲದಿಂದ 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಆದರೆ 2001ರ ಆಗಸ್ಟ್ 30ರಂದು ಅದೇ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು ಆ ಆಜ್ಞೆಯನ್ನೇ ರದ್ದುಮಾಡಿತು. ಈಗ ಜಾರಿಯಲ್ಲಿರುವ 2020ರ ಸಂಹಿತೆಯಂತೂ, ಗುಡಿಸಿ ತೊಳೆಯುವುದು ಸಂಸ್ಥೆಯ ಮುಖ್ಯ ಕಾರ್ಯವಲ್ಲವೆಂದೇ ಹೇಳುತ್ತದೆ. ಆ ಸಂಸ್ಥೆ ಇರುವುದೇ ಶುಚಿ ಮಾಡುವುದಕ್ಕಾಗಿಯಾದರೆ ಮಾತು ಬೇರೆ. ಒಂದು ವಾರ ಶೌಚಾಲಯ ತೊಳೆಯದೆ ಬಿಟ್ಟ ಕಚೇರಿಯಲ್ಲಿ ಮುಖ್ಯ ಕಾರ್ಯ ಹೇಗೆ ನಡೆಯುವುದೋ, ಬರೆದವರೇ ಬಲ್ಲರು.

ಇದರ ಫಲವು ಮನೆಯ ಒಲೆಯವರೆಗೆ ಬರುತ್ತದೆ. ಗುತ್ತಿಗೆದಾರನು ಬದಲಾದಾಗ ಅಂಗಿಯ ಮೇಲಿನ ಹೆಸರು ಬದಲಾಗುತ್ತದೆ. ನೆಲ ಅದೇ, ಮಾಪು ಅದೇ, ಒರೆಸುವವಳೂ ಅವಳೇ; ಆದರೆ ಕಾಗದದಲ್ಲಿ ಅವಳು ಹೊಸಬಳು. ಗ್ರಾಚ್ಯುಯಿಟಿಗೆ ಸಾಮಾನ್ಯವಾಗಿ ಐದು ವರ್ಷಗಳ ಸತತ ಸೇವೆ ಬೇಕು, ಎರಡು ಮೂರು ವರ್ಷಕ್ಕೊಮ್ಮೆ ಗುತ್ತಿಗೆ ಕೈಬದಲಾದರೆ ಆ ಐದು ತುಂಬುವುದೇ ಕಷ್ಟ. ಹೀಗೆ ಕತ್ತರಿಸಿಹೋಗದೆ ಉಳಿಯುವುದು ಒಂದೇ, ಭವಿಷ್ಯನಿಧಿಯ ಸಂಖ್ಯೆ. 2014ರಿಂದ ಪ್ರತಿ ಸದಸ್ಯರಿಗೂ ಹನ್ನೆರಡು ಅಂಕಿಗಳ ಒಂದೇ ಸಂಖ್ಯೆಯನ್ನು ಕೊಡುತ್ತಾರೆ; ಗುತ್ತಿಗೆದಾರರು ಎಷ್ಟೇ ಮಂದಿ ಬದಲಾದರೂ ಅದು ಬದಲಾಗಬಾರದು. ಹೊಸ ಗುತ್ತಿಗೆದಾರನು ಹೊಸ ಸಂಖ್ಯೆ ತೆರೆದರೆ ಹಳೆಯ ಹಣವು ಹಳೆಯ ಸಂಖ್ಯೆಯಲ್ಲಿಯೇ ಕುಳಿತಿರುತ್ತದೆ. ಸಂಬಳದ ಚೀಟಿಯಲ್ಲಿ ಸಾಮಾನ್ಯವಾಗಿ ಆ ಸಂಖ್ಯೆ ಅಚ್ಚಾಗಿರುತ್ತದೆ. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಚೀಟಿಯನ್ನೂ ಈ ತಿಂಗಳ ಚೀಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಹನ್ನೆರಡು ಅಂಕಿಗಳನ್ನು ಹೋಲಿಸಿ ನೋಡುವುದು ಐದನೆಯ ತರಗತಿಯವರಿಗೂ ಸಾಧ್ಯ. ಎರಡೂ ಬೇರೆಯಾಗಿದ್ದರೆ ಚೀಟಿಗಳನ್ನು ತೆಗೆದುಕೊಂಡು ಬನ್ನಿರಿ. ಎರಡನ್ನೂ ಕೂಡಿಸುವ ಅರ್ಜಿಯನ್ನು ತುಂಬಲು ನಾವು ಜೊತೆಗೆ ಕುಳಿತುಕೊಳ್ಳುತ್ತೇವೆ.