ಇಲ್ಲಿ ಒಂದು ವರ್ಷ ಅಂದ್ರೆ 26 ಗಂಟೆ: ತನ್ನ ನಕ್ಷತ್ರದತ್ತಲೇ ಜಾರುತ್ತಿದೆ ಈ ಗ್ರಹ!

ಗುರು ಗ್ರಹಕ್ಕಿಂತಲೂ ದೊಡ್ಡದಾದ ಅನಿಲದ ಗೋಳ. ಹೆಸರು ವಾಸ್ಪ್-12ಬಿ. ಭೂಮಿಯಿಂದ ಸುಮಾರು 1,400 ಜ್ಯೋತಿರ್ವರ್ಷ ದೂರ. 2008ರಲ್ಲಿ ಪತ್ತೆಯಾದ ಈ ಗ್ರಹ ನಿಧಾನವಾಗಿ ಸಾವಿನತ್ತ ಸಾಗ್ತಾ ಇದೆ ಅಂತಾರೆ ವಿಜ್ಞಾನಿಗಳು.

ಸೂರ್ಯನಿಂದ ನಾವು 15 ಕೋಟಿ ಕಿ.ಮೀ. ದೂರ ಇದ್ದೇವೆ. ಇದು ತನ್ನ ನಕ್ಷತ್ರದಿಂದ ಇರೋದು ಬರೀ 34 ಲಕ್ಷ ಕಿ.ಮೀ. ಹಾಗಾಗಿ ಕಬ್ಬಿಣವೂ ಕರಗುವಷ್ಟು ಬಿಸಿ, 2 ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. ಒಂದು ಸುತ್ತಿಗೆ 26 ಗಂಟೆ ಸಾಕು.

ಸಾಯ್ತಿದೆ ಅಂತ ಗೊತ್ತಾಗಿದ್ದು ಹೇಗೆ? ಗ್ರಹ ಅಡ್ಡ ಬಂದಾಗಲೆಲ್ಲ ನಕ್ಷತ್ರದ ಬೆಳಕು ಸ್ವಲ್ಪ ಮಂಕಾಗುತ್ತೆ. ಆ ಹೊತ್ತನ್ನೇ ವರ್ಷಗಟ್ಟಲೆ ಬರೆದಿಟ್ಟರು. ಸುತ್ತಿನ ಅವಧಿ ವರ್ಷಕ್ಕೆ 29 ಮಿಲಿಸೆಕೆಂಡ್ ಕಮ್ಮಿಯಾಗ್ತಿದೆ. ಇದೇನು ಮಹಾ ಅನ್ನಬೇಡಿ. ಸಾವಿರಾರು ಸುತ್ತುಗಳ ಲೆಕ್ಕ ಕೂಡಿದರೆ 10 ವರ್ಷದಲ್ಲಿ ಗ್ರಹ ಸುಮಾರು 8 ನಿಮಿಷ ಮೊದಲೇ ಹಾಜರ್.

ಕಾರಣ ಉಬ್ಬರ. ನಮ್ಮ ಚಂದ್ರ ಸಮುದ್ರದ ನೀರನ್ನು ಉಬ್ಬಿಸ್ತಾನಲ್ಲ, ಅದೇ. ಭೂಮಿ ಜೋರಾಗಿ ತಿರುಗೋದ್ರಿಂದ ಆ ಉಬ್ಬು ಚಂದ್ರನಿಗಿಂತ ಮುಂದಿದ್ದು ಅವನನ್ನು ಮುಂದಕ್ಕೆ ಎಳೆಯುತ್ತೆ. ಹೀಗಾಗಿ ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಹೋಗ್ತಿದ್ದಾನೆ. ವಾಸ್ಪ್-12ಬಿ ಕಥೆ ಉಲ್ಟಾ. ಗ್ರಹ ಎಬ್ಬಿಸಿದ ಉಬ್ಬು ನಕ್ಷತ್ರದ ಮೇಲಿದೆ, ಆದ್ರೆ ನಕ್ಷತ್ರ ತಿರುಗೋದು ನಿಧಾನ. ಉಬ್ಬು ಹಿಂದೆ ಬಿದ್ದು ಗ್ರಹವನ್ನೂ ಹಿಂದಕ್ಕೆ ಜಗ್ಗುತ್ತೆ. ಜಗ್ಗಿದಷ್ಟೂ ಗ್ರಹ ಒಳಕ್ಕೆ ಸರಿಯುತ್ತೆ.

ಉಳಿದಿರೋದು ಸುಮಾರು 30 ಲಕ್ಷ ವರ್ಷ. ನಮಗೆ ಬಹಳ ಅನ್ನಿಸಬಹುದು, ನಕ್ಷತ್ರಗಳ ಲೆಕ್ಕದಲ್ಲಿ ಇದು ಏನೂ ಅಲ್ಲ ಬಿಡಿ. ಗ್ರಹದ ಅನಿಲ ಈಗಾಗಲೇ ಸೋರಿ ಹೋಗ್ತಿರೋದನ್ನು ಹಬಲ್ ದೂರದರ್ಶಕ ಪತ್ತೆ ಹಚ್ಚಿದೆ.